ಆಯಿಲ್ ಪ್ರೆಷರ್ ಮುಳ್ಳಿನ ಎರಡು ಸುಳ್ಳು: ಒಂದು ಡೀಸೆಲ್ ಟ್ರಕ್ಕಿನ ರಿಪೇರಿ ದಾಖಲೆ

ಚಾಲಕರು ಹೇಳಿದ ದೂರು ಚಿಕ್ಕದಾಗಿತ್ತು. ಎಂಜಿನ್ ಬಿಸಿಯಾದ ಮೇಲೆ, ಅದರಲ್ಲೂ ಹಳ್ಳದಿಣ್ಣೆಯ ರಸ್ತೆಯಲ್ಲಿ, ಆಯಿಲ್ ಪ್ರೆಷರ್ ಗೇಜಿನ ಮುಳ್ಳು ಇದ್ದಕ್ಕಿದ್ದಂತೆ ಸೊನ್ನೆಗೆ ಬಿದ್ದು, ಎರಡು ಮೂರು ಸೆಕೆಂಡು ಅಲ್ಲೇ ಇದ್ದು, ಮತ್ತೆ ಮೊದಲಿನ ಜಾಗಕ್ಕೆ ಜಿಗಿಯುತ್ತಿತ್ತು. ಈ ಕಾರಣಕ್ಕೆ ಒಮ್ಮೆ ಸೆಂಡರ್, ಅಂದರೆ ಎಂಜಿನ್ನಿನಲ್ಲಿ ಕುಳಿತು ಪ್ರೆಷರನ್ನು ಗೇಜಿಗೆ ತಿಳಿಸುವ ಬಿಡಿಭಾಗ, ಬದಲಾಗಿತ್ತು. ದೂರು ಮಾತ್ರ ಹಾಗೆಯೇ ಉಳಿದಿತ್ತು. ವಾಹನ ಆರು ಸಿಲಿಂಡರಿನ, ಟರ್ಬೊ ಇರುವ, 24 ವೋಲ್ಟಿನ ಡೀಸೆಲ್ ಟ್ರಕ್ಕು. ಇಂಧನದ ಪಂಪು ಹಳೆಯ ಯಾಂತ್ರಿಕ ಮಾದರಿಯದು, ಆದ್ದರಿಂದ ಎಂಜಿನ್ ಕಂಪ್ಯೂಟರಿನ ಗೊಡವೆ ಇಲ್ಲ. ಗೇಜು 0 ರಿಂದ 10 ಬಾರ್ (ಒತ್ತಡದ ಅಳತೆ) ವರೆಗಿನದು. ಸೆಂಡರಿನಲ್ಲಿ ಎರಡು ಟರ್ಮಿನಲ್‌ಗಳಿದ್ದು, ಒಂದು ಗೇಜಿಗೆ, ಇನ್ನೊಂದು ಡ್ಯಾಶ್‌ಬೋರ್ಡಿನ ಕೆಂಪು ಎಚ್ಚರಿಕೆ ದೀಪಕ್ಕೆ ಹೋಗುತ್ತವೆ.

ಮುಳ್ಳು ಹೀಗೆ ಜಿಗಿದರೆ ಅದು ವೈರಿಂಗ್ ದೋಷವೇ ಎಂದು ಅಲ್ಲಿದ್ದ ಎಲ್ಲರೂ ಹೇಳಿದರು. ಹಾಗೆ ತೀರ್ಮಾನಿಸಿ ಕೈ ಹಾಕುವುದು ಅಪಾಯ. ಆಯಿಲ್ ಪ್ಯಾನಿನಲ್ಲಿ ಮಟ್ಟ ಕಡಿಮೆಯಿದ್ದರೆ, ಬ್ರೇಕ್ ಹಾಕಿದಾಗ ಅಥವಾ ಗುಂಡಿಗೆ ಇಳಿದಾಗ ಆಯಿಲ್ ಒಂದು ಬದಿಗೆ ಸರಿದು, ಪಂಪಿಗೆ ಆಯಿಲ್ ಹೀರುವ ಪಿಕಪ್ ಪೈಪು ಗಾಳಿ ಎಳೆದುಕೊಂಡು, ಪ್ರೆಷರ್ ನಿಜವಾಗಿಯೂ ಕ್ಷಣಕಾಲ ಕುಸಿಯುತ್ತದೆ, ಮತ್ತು ಗೇಜಿನಲ್ಲಿ ಅದೂ ಹೀಗೆಯೇ ಕಾಣಿಸುತ್ತದೆ. ಆದ್ದರಿಂದ ಸಮತಟ್ಟು ನೆಲದಲ್ಲಿ ಎಂಜಿನ್ ನಿಲ್ಲಿಸಿ, ಆಯಿಲ್ ಕೆಳಗಿಳಿಯಲು ಹತ್ತು ನಿಮಿಷ ಬಿಟ್ಟು, ಮೊದಲು ಡಿಪ್‌ಸ್ಟಿಕ್ ಎಳೆದೆ. ಮಟ್ಟ ಎರಡು ಗೆರೆಗಳ ನಡುವೆ, ಮೇಲಿನ ಗೆರೆಗೆ ಹತ್ತಿರವಿತ್ತು. ಡೀಸೆಲ್ ಎಂಜಿನ್ನಿನಲ್ಲಿ ಮಟ್ಟ ಕಡಿಮೆಯಾಗುವುದನ್ನು ಮಾತ್ರ ನೋಡಿದರೆ ಸಾಲದು, ತಾನಾಗಿ ಏರಿದೆಯೇ ಎಂದೂ ನೋಡಬೇಕು. ಏರಿದ್ದರೆ ಇಂಜೆಕ್ಟರ್ ಅಥವಾ ಪಂಪಿನ ಸೀಲಿನಿಂದ ಡೀಸೆಲ್ ಸೋರಿ ಆಯಿಲಿಗೆ ಬೆರೆತಿದೆ ಎಂದೇ ಮೊದಲು ಅನುಮಾನಿಸುವುದು. ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಹನಿ ತಿಕ್ಕಿ ನೋಡಿದೆ. ಬಣ್ಣ ಕಪ್ಪಿತ್ತು, ಡೀಸೆಲ್ ಎಂಜಿನ್ನಿನಲ್ಲಿ ಅದು ಸಹಜ. ಜಿಗುಟು ಉಳಿದಿತ್ತು, ಡೀಸೆಲ್ ವಾಸನೆ ಇರಲಿಲ್ಲ, ಕೂಲಂಟ್ ಬೆರೆತರೆ ಕಾಣುವ ಹಾಲಿನಂಥ ಬಿಳಿಛಾಯೆಯೂ ಇರಲಿಲ್ಲ.

ನಂತರ ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿ ಮಾತ್ರ ತಿರುಗಿಸಿದೆ. ಕೆಂಪು ದೀಪ ಹೊತ್ತಿತು, ಅದು ಸರಿ. ಮುಳ್ಳು ಮಾತ್ರ ಸೊನ್ನೆಯಲ್ಲಿ ನಿಲ್ಲದೆ ಒಂದು ಬಾರ್‌ನ ಹತ್ತಿರಕ್ಕೆ ಏರಿ ನಿಂತಿತು. ಕೇಳಿದಾಗ, ಸೆಂಡರ್ ಬದಲಾಯಿಸಿದಾಗಿನಿಂದ ಅದು ಹಾಗೆಯೇ ಇದೆ, ಅದರಿಂದ ತೊಂದರೆಯೇನೂ ಆಗಿಲ್ಲ ಎಂದು ಚಾಲಕರು ಹೇಳಿದರು. ನಾನು ಅದನ್ನು ಬರೆದುಕೊಂಡೆ, ಆದರೆ ಕೊಡಬೇಕಾದಷ್ಟು ಗಮನ ಕೊಡಲಿಲ್ಲ. ನಿಂತ ಎಂಜಿನ್ನಿನಲ್ಲಿ ಒಂದು ಬಾರ್ ಪ್ರೆಷರ್ ಇರಲು ಸಾಧ್ಯವೇ ಇಲ್ಲ. ಆ ಒಂದು ಸಾಲನ್ನು ಆಗಲೇ ಸರಿಯಾಗಿ ಓದಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

ವಿದ್ಯುತ್ ಗೇಜನ್ನು ಅನುಮಾನಿಸುವಾಗ ಅದರದೇ ಸಾಕ್ಷ್ಯ ನಂಬಲಾಗದು. ವಿದ್ಯುತ್ತಿನ ಹಂಗಿಲ್ಲದ ಇನ್ನೊಂದು ಗೇಜು ಬೇಕು. ಯಾಂತ್ರಿಕ ಗೇಜಿನೊಳಗೆ ಅರ್ಧಚಂದ್ರದಂತೆ ಬಾಗಿದ, ಒಂದು ತುದಿ ಮುಚ್ಚಿದ ಚಪ್ಪಟೆ ಲೋಹದ ಕೊಳವೆ ಇರುತ್ತದೆ. ಒತ್ತಡ ಹೊಕ್ಕಾಗ ಕೊಳವೆ ಸ್ವಲ್ಪವೇ ನೆಟ್ಟಗಾಗುತ್ತದೆ, ಆ ಚಲನೆಯನ್ನು ಸಣ್ಣ ಹಲ್ಲುಚಕ್ರ ಮುಳ್ಳಿಗೆ ಮುಟ್ಟಿಸುತ್ತದೆ. ಫ್ರಾನ್ಸಿನ ಯೂಜೀನ್ ಬೂರ್ಡಾನ್ 1849ರಲ್ಲಿ ಪೇಟೆಂಟ್ ಪಡೆದ ಈ ಉಪಾಯ ಇಂದಿಗೂ ಬದಲಾಗಿಲ್ಲ. ಅಲ್ಲಿ ವೈರೂ ಇಲ್ಲ, ಕರೆಂಟು ಬ್ಯಾಟರಿಗೆ ಮರಳುವ ಅರ್ಥಿಂಗೂ ಇಲ್ಲ.

ಈ ಟ್ರಕ್ಕಿನಲ್ಲಿ ಯಾರೋ ಹಿಂದೆ ಎಂಜಿನ್ ಬ್ಲಾಕಿಗೂ ಸೆಂಡರಿಗೂ ನಡುವೆ ಒಂದು ಹಿತ್ತಾಳೆಯ ಟೀ (ಮೂರು ಬಾಯಿಯ ಫಿಟ್ಟಿಂಗ್) ಜೋಡಿಸಿ, ಅದರ ಮೂರನೆಯ ಬಾಯಿಗೆ ಪ್ಲಗ್ ಹಾಕಿದ್ದರು. ಕೆಲಸ ಸುಲಭವಾಯಿತು: ಪ್ಲಗ್ ತೆಗೆದು ಅಲ್ಲಿಗೆ ನನ್ನ ಗೇಜಿನ ಹೋಸ್ ಕೂಡಿಸಿದರೆ ಸೆಂಡರ್ ತನ್ನ ಜಾಗದಲ್ಲಿ ಉಳಿದು, ಎರಡೂ ಗೇಜುಗಳು ಒಂದೇ ಹೊತ್ತಿಗೆ ಓದಿಸುತ್ತವೆ. ಇಲ್ಲಿ ಥ್ರೆಡ್ಡಿನ ಬಗ್ಗೆ ಒಂದು ಎಚ್ಚರಿಕೆ. ಎಂ10×1 ಥ್ರೆಡ್ಡಿನ ಹೊರ ವ್ಯಾಸ 10 ಮಿಲಿಮೀಟರ್, ಹೆಜ್ಜೆ 1 ಮಿಲಿಮೀಟರ್; 1/8 ಅಂಗುಲದ ಎನ್‌ಪಿಟಿ (ಅಮೆರಿಕದ ಪೈಪ್ ಥ್ರೆಡ್ ಮಾದರಿ) ಥ್ರೆಡ್ಡಿನ ಹೊರ ವ್ಯಾಸ ಸುಮಾರು 10.3 ಮಿಲಿಮೀಟರ್, ಅಂಗುಲಕ್ಕೆ 27 ಸುತ್ತು, ಅಂದರೆ ಹೆಜ್ಜೆ ಸುಮಾರು 0.94 ಮಿಲಿಮೀಟರ್. ಇವೆರಡೂ ಒಂದಕ್ಕೊಂದು ಎರಡು ಸುತ್ತು ಸಲೀಸಾಗಿ ಹಿಡಿಯುತ್ತವೆ, ಮೂರನೆಯ ಸುತ್ತಿಗೆ ಬಿಗಿಯಾಗುತ್ತವೆ, ಆಗ ಪಾನಾ ಹಾಕಿ ಎಳೆದವನು ಬ್ಲಾಕಿನ ಥ್ರೆಡ್ಡನ್ನೇ ಕಳೆದುಕೊಳ್ಳುತ್ತಾನೆ. ಬೆರಳಿನಲ್ಲಿ ಮೂರು ನಾಲ್ಕು ಸುತ್ತು ಹೋಗದ ಫಿಟ್ಟಿಂಗಿಗೆ ನಾನು ಪಾನಾ ಹಾಕುವುದಿಲ್ಲ.

ಪ್ಲಗ್ ಬಿಚ್ಚಿದಾಗ ಅದರ ಥ್ರೆಡ್ಡಿಗೆ ದಪ್ಪನಾಗಿ ಸುತ್ತಿದ ಬಿಳಿ ಟೆಫ್ಲಾನ್ ಟೇಪು ಕಂಡಿತು. ಅದರ ಒಂದು ಎಳೆ ಟೀಯ ಬಾಯಿಯೊಳಗೆ ಜೋತುಬಿದ್ದಿತ್ತು. ಅಂಥ ಚೂರು ಆಯಿಲ್ ದಾರಿಗೆ ಹೋಗಿ ಸಣ್ಣ ರಂಧ್ರವನ್ನು ಮುಚ್ಚಬಾರದೆಂದು ಚಿಮಟಿಗೆಯಿಂದ ಎಳೆದು ತೆಗೆದೆ, ಅಷ್ಟಕ್ಕೇ ಸುಮ್ಮನಾದೆ. ಇದೂ ನಾನು ಕೈಬಿಟ್ಟ ಸುಳಿವು.

ಸ್ಟೀಲ್ ಜಾಲರಿಯ ಹೊದಿಕೆಯಿರುವ ಹೋಸನ್ನು ಎಕ್ಸಾಸ್ಟ್ ಪೈಪು, ಟರ್ಬೊ ಮತ್ತು ಬೆಲ್ಟುಗಳಿಂದ ದೂರ ಹಾಯಿಸಿ, ಗೇಜನ್ನು ಕ್ಯಾಬಿನ್ನಿನ ಒಳಗೆ ತರದೆ ಮುಂದಿನ ಗಾಜಿನ ಹೊರಬದಿಗೆ ಕಟ್ಟಿದೆ. ಹೋಸ್ ಕಿತ್ತರೆ ಕುದಿಯುವಂಥ ಆಯಿಲ್ ಹೊರಗೆ ಚೆಲ್ಲಲಿ, ಚಾಲಕರ ಮೊಣಕಾಲ ಮೇಲೆ ಬೇಡ. ತಣ್ಣನೆಯ ಎಂಜಿನ್ ಸ್ಟಾರ್ಟ್ ಆದಾಗ ಯಾಂತ್ರಿಕ ಗೇಜು 5.2 ಬಾರ್ ತೋರಿಸಿತು, ಡ್ಯಾಶಿನ ಗೇಜು 6.3ರ ಸುಮಾರಿಗೆ ನಿಂತಿತು. ತಣ್ಣಗಿನ ಓದಿಗೆ ಹೆಚ್ಚು ಅರ್ಥವಿಲ್ಲ, ಏಕೆಂದರೆ ದಪ್ಪ ಆಯಿಲ್ ದಣಿದ ಎಂಜಿನ್ನಿನಲ್ಲಿಯೂ ಒಳ್ಳೆಯ ಪ್ರೆಷರ್ ತೋರಿಸಬಲ್ಲದು. ಕೂಲಂಟಿನ ಮುಳ್ಳು ಮಧ್ಯಕ್ಕೆ ಬಂದ ಮಾತ್ರಕ್ಕೆ ಆಯಿಲ್ ಬಿಸಿಯಾಯಿತೆಂದೂ ಅಲ್ಲ, ಅದು ನಿಧಾನವಾಗಿ ಕಾಯುತ್ತದೆ. ಆದ್ದರಿಂದ ಹೇರಿನೊಂದಿಗೆ ಅರ್ಧ ಗಂಟೆ ಓಡಿಸಿ ಬಂದು ಅಳೆದೆ. 600 ಆರ್‌ಪಿಎಮ್ ಐಡಲ್‌ನಲ್ಲಿ ಯಾಂತ್ರಿಕ ಗೇಜು 1.4, ಡ್ಯಾಶ್ 2.4, 1500ರಲ್ಲಿ 3.6 ಮತ್ತು 4.7; 2200ರಲ್ಲಿ 4.3 ಮತ್ತು 5.4. ದಾರಿಯಲ್ಲಿ ಡ್ಯಾಶಿನ ಮುಳ್ಳು ಮೂರು ಸಲ ಸೊನ್ನೆಗೆ ಬಿತ್ತು. ಮೂರು ಸಲವೂ ಗಾಜಿನಾಚೆಯ ಮುಳ್ಳು ಅಲುಗಲಿಲ್ಲ, ಕೆಂಪು ದೀಪವೂ ಹೊತ್ತಲಿಲ್ಲ.

ಎಂಜಿನ್ ಆರೋಗ್ಯವಾಗಿದೆ ಎಂಬುದು ಅಲ್ಲಿಗೆ ಖಚಿತವಾಯಿತು. ಸಾವಿರ ಆರ್‌ಪಿಎಮ್‌ಗೆ 10 ಪಿಎಸ್‌ಐ, ಅಂದರೆ ಸುಮಾರು 0.7 ಬಾರ್, ಇದ್ದರೆ ಸಾಕು ಎಂಬ ಹಳೆಯ ಲೆಕ್ಕವೊಂದಿದೆ. ಅದನ್ನು ಅಂದಾಜಿಗೆ ಬಳಸಬಹುದು, ತೀರ್ಪಿಗೆ ಆಯಾ ಎಂಜಿನ್ನಿನ ಕೈಪಿಡಿಯ ಅಂಕಿಯೇ ಆಗಬೇಕು. ಯಾಂತ್ರಿಕ ಗೇಜು ಕೂಡ ಕಡಿಮೆ ತೋರಿಸಿದ್ದರೆ ಈ ದಾಖಲೆ ಬೇರೆಯದೇ ಆಗುತ್ತಿತ್ತು: ಆಗ ಎಂಜಿನ್ ಮತ್ತೆ ಸ್ಟಾರ್ಟ್ ಮಾಡದೆ, ತೆಳುವಾದ ಆಯಿಲ್, ಕಸ ಸಿಕ್ಕಿ ತೆರೆದೇ ಉಳಿದ ರಿಲೀಫ್ ವಾಲ್ವ್ (ಹೆಚ್ಚಾದ ಪ್ರೆಷರ್ ಹೊರಬಿಡುವ ಕವಾಟ), ಕೆಸರು ಕಟ್ಟಿದ ಪಿಕಪ್ ಜಾಲರಿ, ಗಟ್ಟಿಯಾಗಿ ಬಿರುಕು ಬಿಟ್ಟ ಪಿಕಪ್ ಓ-ರಿಂಗ್, ಸವೆದ ಪಂಪು, ಕೊನೆಗೆ ಮೇನ್ ಮತ್ತು ಕನೆಕ್ಟಿಂಗ್ ರಾಡ್ ಬೇರಿಂಗುಗಳು ಎಂಬ ಕ್ರಮದಲ್ಲಿ, ಸುಲಭದಿಂದ ಕಷ್ಟದ ಕಡೆಗೆ ಹೋಗಬೇಕಿತ್ತು. ಫಿಲ್ಟರ್ ಕತ್ತರಿಸಿ, ಮಡಿಕೆಗಳಲ್ಲಿ ಲೋಹದ ಹೊಳಪು ಇದೆಯೇ ಎಂದು ನೋಡುವುದು ಆಗ ಬಹಳ ಹೇಳುತ್ತದೆ.

ಇನ್ನು ಸೆಂಡರಿನ ಕೆಲಸ. ಅದರೊಳಗೆ ಒಂದು ತೆಳು ಲೋಹದ ಪೊರೆ, ಪೊರೆ ತಳ್ಳುವ ಕಡ್ಡಿ, ಕಡ್ಡಿ ಸರಿಸುವ ಪ್ರತಿರೋಧ ಇರುತ್ತವೆ. ಪ್ರೆಷರ್ ಬದಲಾದಂತೆ ಓಮ್ ಬದಲಾಗುತ್ತದೆ. ಕರೆಂಟು ಗೇಜಿನಿಂದ ಬಂದು, ಸೆಂಡರಿನ ಒಳಗೆ ಹಾದು, ಅದರ ಮೈಯಿಂದ ಥ್ರೆಡ್ಡಿನ ಮೂಲಕ ಎಂಜಿನ್ ಬ್ಲಾಕಿಗೆ ಇಳಿಯುತ್ತದೆ. ಈ ಟ್ರಕ್ಕಿನದು ಯುರೋಪಿನ ವಾಹನಗಳಲ್ಲಿ ಬಹಳ ಕಾಣುವ ಮಾದರಿ: ಸೊನ್ನೆ ಬಾರ್‌ಗೆ ಸುಮಾರು 10 ಓಮ್, ಪೂರ್ತಿ ಒತ್ತಡಕ್ಕೆ ಸುಮಾರು 180 ಓಮ್. ಇದರಲ್ಲಿ ಸೆಂಡರಿನ ವೈರು ಕಳಚಿದರೆ ಪ್ರತಿರೋಧ ಅನಂತವಾಗಿ ಮುಳ್ಳು ಗರಿಷ್ಠಕ್ಕೆ ಏರುತ್ತದೆ, ವೈರು ಚಾಸಿಗೆ ತಾಗಿದರೆ ಸೊನ್ನೆಗೆ ಬೀಳುತ್ತದೆ, ಅರ್ಥಿಂಗ್ ಕೆಟ್ಟರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅಮೆರಿಕದ ವಾಹನಗಳಲ್ಲಿ ಸಿಗುವ 240-33 ಓಮ್ ಮಾದರಿಯಲ್ಲಿ ಎಲ್ಲವೂ ತಿರುವುಮುರುವು: ಸೊನ್ನೆಗೆ 240, ಗರಿಷ್ಠಕ್ಕೆ 33. ಅಲ್ಲಿ ವೈರು ಕಳಚಿದರೆ ಮುಳ್ಳು ಸೊನ್ನೆಗೆ ಬೀಳುತ್ತದೆ, ತಾಗಿದರೆ ಗರಿಷ್ಠಕ್ಕೆ ಹೋಗುತ್ತದೆ, ಅರ್ಥಿಂಗ್ ಕೆಟ್ಟರೆ ಕಡಿಮೆ ತೋರಿಸುತ್ತದೆ. ಸೆಂಡರ್ ಯಾವ ಜಾತಿಯದು ಎಂದು ತಿಳಿಯದೆ ಮುಳ್ಳು ಬಿದ್ದುದರ ಅರ್ಥ ಹೇಳಲು ಬರುವುದಿಲ್ಲ. ಮುಳ್ಳು ಯಾವ ದಿಕ್ಕಿಗೆ ಸುಳ್ಳು ಹೇಳುತ್ತಿದೆ ಎಂಬುದೇ ದೋಷದ ವಿಳಾಸ. ಹಿಂದೆ ಇದನ್ನು ನೋಡಿದವರು ವೈರು ಎಲ್ಲೋ ಕಳಚುತ್ತಿದೆ ಎಂದುಕೊಂಡು ಕನೆಕ್ಟರ್ ಬಿಗಿಮಾಡಿದ್ದರಂತೆ. ಈ ಮಾದರಿಯಲ್ಲಿ ಕಳಚಿದ್ದರೆ ಮುಳ್ಳು ಮೇಲಕ್ಕೆ ಹಾರಬೇಕಿತ್ತು.

ಕಂಪ್ಯೂಟರ್ ನಿಯಂತ್ರಿತ ಎಂಜಿನ್ನುಗಳ ಮೂರು ವೈರಿನ 5 ವೋಲ್ಟ್ ಸೆನ್ಸರಿಗೆ ಈ ಮಾತು ಹೊಂದುವುದಿಲ್ಲ. ಅದರ ವೈರನ್ನು ಚಾಸಿಗೆ ಮುಟ್ಟಿಸಿ ನೋಡುವ ಸಾಹಸವನ್ನೂ ಮಾಡಬಾರದು.

ಗೇಜನ್ನೇ ಪರೀಕ್ಷಿಸಲು ಒಂದು ಸಣ್ಣ ಪೆಟ್ಟಿಗೆ ಮಾಡಿಕೊಂಡೆ. 10, 47, 82, 120 ಮತ್ತು 180 ಓಮ್‌ಗಳ ಒಂದೊಂದು ವಾಟ್ ರೆಸಿಸ್ಟರುಗಳು, ಒಂದು ತಿರುಗಿಸುವ ಸ್ವಿಚ್ಚು, ಮೊಸಳೆ ಕ್ಲಿಪ್ಪಿನ ಎರಡು ವೈರು. ಬೆಸುಗೆ ಹಾಕಲು ಅರ್ಧ ಗಂಟೆ ಸಾಕಾಯಿತು. ಸೆಂಡರಿನ ಬಳಿ ಗೇಜಿನ ವೈರು ಕಳಚಿ ಪೆಟ್ಟಿಗೆಯ ಒಂದು ಕ್ಲಿಪ್ಪಿಗೆ, ಇನ್ನೊಂದು ಕ್ಲಿಪ್ಪನ್ನು ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೆ ಕೂಡಿಸಿದೆ. 10 ಓಮ್‌ಗೆ ಮುಳ್ಳು ಸರಿಯಾಗಿ ಸೊನ್ನೆಯ ಗೆರೆಯ ಮೇಲೆ ಕುಳಿತಿತು, 47ಕ್ಕೆ ಎರಡು ಬಾರ್‌ಗಿಂತ ಕೂದಲೆಳೆ ಕೆಳಗೆ, 82ಕ್ಕೆ ನಾಲ್ಕಕ್ಕಿಂತ ಸ್ವಲ್ಪ ಕೆಳಗೆ, 120ಕ್ಕೆ ಆರರ ಹತ್ತಿರ, 180ಕ್ಕೆ ಹತ್ತಕ್ಕೆ ಇನ್ನೇನು ಮುಟ್ಟುವಂತೆ ನಿಂತಿತು. ಗೇಜಿನದು ತಪ್ಪಿಲ್ಲ, ಅದಕ್ಕೆ ಬರುತ್ತಿರುವ ವರದಿಯೇ ತಪ್ಪು.

ಮೊದಲು ಸೊನ್ನೆಗೆ ಬೀಳುವ ದೋಷವನ್ನು ಹಿಡಿದುಕೊಂಡೆ. ಬ್ಯಾಟರಿ ಬೇರ್ಪಡಿಸಿ, ಗೇಜಿನ ವೈರನ್ನು ಎರಡೂ ತುದಿಗಳಲ್ಲಿ ಕಳಚಿ, ಮಲ್ಟಿಮೀಟರನ್ನು ಬೀಪ್ ಶಬ್ದಕ್ಕೆ ಇಟ್ಟು, ವೈರಿಗೂ ಚಾಸಿಗೂ ನಡುವೆ ಹಿಡಿದೆ. ಮೌನ. ಸಹಾಯಕನಿಗೆ ಹಾರ್ನೆಸ್ಸನ್ನು, ಅಂದರೆ ವೈರುಗಳ ಕಟ್ಟನ್ನು, ಸೆಂಡರಿನ ಕಡೆಯಿಂದ ಗೇಣುಗೇಣಾಗಿ ಅಲುಗಾಡಿಸುತ್ತಾ ಬರಲು ಹೇಳಿದೆ. ಕ್ಯಾಬಿನ್ ಮುಂದಕ್ಕೆ ಬಾಗುವ ಕೀಲಿನ ಹತ್ತಿರ ಬಂದಾಗ ಮೀಟರು ಒಮ್ಮೆ ಚಿಲಿಪಿಲಿ ಎಂದು ನಿಂತಿತು. ಅಲ್ಲಿ ಹಾರ್ನೆಸ್ಸು ಗಾಳಿ ಪೈಪನ್ನು ಹಿಡಿದಿದ್ದ ಕಬ್ಬಿಣದ ಬ್ರಾಕೆಟ್ಟಿನ ಅಂಚಿನ ಮೇಲೆ ಹಾದುಹೋಗಿತ್ತು. ಹೊರಗಿನ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ತೋಳು ನೋಡಲು ಚೆನ್ನಾಗಿಯೇ ಇತ್ತು. ಅದನ್ನು ಮಗುಚಿದಾಗ ಮಾತ್ರ ಅಡಿಭಾಗದಲ್ಲಿ ಬೆರಳುಗುರಿನಷ್ಟು ಉದ್ದದ ಸೀಳು ಕಂಡಿತು. ಸೀಳಿನೊಳಗೆ ಹನ್ನೆರಡು ವೈರುಗಳಲ್ಲಿ ಒಂದರ ಮೇಲ್ಪದರ ಮಾತ್ರ ತೇದು, ಎಳ್ಳುಕಾಳಿನಷ್ಟು ತಾಮ್ರ ಹೊಸ ನಾಣ್ಯದಂತೆ ಹೊಳೆಯುತ್ತಿತ್ತು. ಆ ಹೊಳಪೇ ಸಾಕ್ಷಿ: ಸುಮ್ಮನೆ ಬಯಲಾದ ತಾಮ್ರ ಕಪ್ಪಾಗುತ್ತದೆ, ದಿನವೂ ಉಜ್ಜಿಸಿಕೊಳ್ಳುವ ತಾಮ್ರ ಹೊಳೆಯುತ್ತದೆ. ಬ್ರಾಕೆಟ್ಟಿನ ಅಂಚಿನಲ್ಲಿಯೂ ಬಣ್ಣ ಹೋಗಿ ಅಷ್ಟೇ ದೊಡ್ಡ ಬಿಳಿ ಗುರುತು ಇತ್ತು. ತಣ್ಣಗಿರುವಾಗ ಬಿರುಸಾಗಿದ್ದ ತೋಳು ವೈರನ್ನು ಅಂಚಿನಿಂದ ಎತ್ತಿಹಿಡಿದು, ಎಂಜಿನ್ನಿನ ಕಾವಿಗೆ ಮೆತ್ತಗಾದ ಮೇಲೆ ಜೋತುಬೀಳುತ್ತಿತ್ತು ಎಂದು ನನ್ನ ಊಹೆ. ಬಿಸಿಯಾದ ಮೇಲೆ ಮಾತ್ರ ದೋಷ ಕಾಣುತ್ತಿದ್ದುದಕ್ಕೆ ಇದು ಹೊಂದುತ್ತದೆ.

ತೇದ ಜಾಗಕ್ಕೆ ಟೇಪು ಸುತ್ತಿ ಮುಗಿಸುವ ಕೆಲಸ ಮುಂದಿನ ಮಳೆಯವರೆಗೆ ಮಾತ್ರ ಬಾಳುತ್ತದೆ. ಗಾಯದ ಎರಡೂ ಬದಿಗೆ ಒಳ್ಳೆಯ ತಾಮ್ರ ಸಿಗುವವರೆಗೆ ಕತ್ತರಿಸಿ, 1 ಚದರ ಮಿಲಿಮೀಟರಿನ ಹೊಸ ತುಂಡು ಸೇರಿಸಿ, ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ, ಕಾವಿಗೆ ಕುಗ್ಗುವ ಹೀಟ್ ಶ್ರಿಂಕ್ ತೋಳು ಹಾಕಿ ಕಾಯಿಸಿದೆ. ತುದಿಗಳಲ್ಲಿ ಅಂಟು ತೆಳುವಾಗಿ ಹೊರಬಂದರೆ ನೀರು ಒಳಗೆ ಹೋಗುವುದಿಲ್ಲ. ಇಷ್ಟು ದಪ್ಪದ ತಾಮ್ರದ ವೈರಿನ ಪ್ರತಿರೋಧ ಮೀಟರಿಗೆ 0.02 ಓಮ್ ಕೂಡ ಇರುವುದಿಲ್ಲ, ಆದ್ದರಿಂದ ಜೋಡಣೆಯಿಂದ ಓದು ಕೆಡುವ ಭಯವಿಲ್ಲ. ಹಾರ್ನೆಸ್ಸನ್ನು ಬ್ರಾಕೆಟ್ಟಿನಿಂದ ನಾಲ್ಕು ಬೆರಳು ದೂರಕ್ಕೆ ಸರಿಸಿ, ರಬ್ಬರ್ ಇರುವ ಕ್ಲಾಂಪಿನಲ್ಲಿ ಹಿಡಿಸಿ, ಕ್ಯಾಬಿನ್ನನ್ನು ಪೂರ್ತಿ ಬಾಗಿಸಿ ಇಳಿಸಿ, ವೈರು ಎಲ್ಲಿಯೂ ಬಿಗಿಯುವುದಿಲ್ಲ ಎಂದು ನೋಡಿದೆ. ಕನೆಕ್ಟರಿನೊಳಗೆ ಆಯಿಲ್ ಇದೆಯೇ ಎಂದೂ ನೋಡಿದೆ. ಸೆಂಡರಿನ ಪೊರೆ ಒಡೆದರೆ ಆಯಿಲ್ ಟರ್ಮಿನಲ್ಲಿನಿಂದ ಹೊರಟು ವೈರಿನ ಎಳೆಗಳ ನಡುವೆ ದೀಪದ ಬತ್ತಿಯಲ್ಲಿ ಏರುವಂತೆ ಏರಿ ಮೀಟರುಗಟ್ಟಲೆ ದೂರ ಹೋಗುವುದುಂಟು. ಇಲ್ಲಿ ಒಣಗಿತ್ತು.

ಮತ್ತೆ ಓಡಿಸಿದಾಗ ಮುಳ್ಳು ಒಮ್ಮೆಯೂ ಬೀಳಲಿಲ್ಲ. ಚಾಲಕರ ಮಟ್ಟಿಗೆ ಕೆಲಸ ಮುಗಿದಿತ್ತು. ಆದರೆ ಡ್ಯಾಶಿನ ಗೇಜು ಈಗಲೂ ಯಾಂತ್ರಿಕ ಗೇಜಿಗಿಂತ ಒಂದು ಬಾರ್ ಹೆಚ್ಚು ತೋರಿಸುತ್ತಿತ್ತು, ಮತ್ತು ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ದೋಷ. ಕಡಿಮೆ ತೋರಿಸುವ ಗೇಜು ಟ್ರಕ್ಕನ್ನು ನಿಲ್ಲಿಸಿ ಸಮಯ ಹಾಳುಮಾಡುತ್ತದೆ, ಹೆಚ್ಚು ತೋರಿಸುವ ಗೇಜು ಎಂಜಿನ್ನನ್ನೇ ಹಾಳುಮಾಡುತ್ತದೆ: ಪ್ರೆಷರ್ ಅರ್ಧ ಬಾರ್‌ಗೆ ಇಳಿದಾಗಲೂ ಇದು ಒಂದೂವರೆ ಎಂದು ಹೇಳಿ ಚಾಲಕರನ್ನು ಸಮಾಧಾನಪಡಿಸುತ್ತಿತ್ತು.

ಬರೆದುಕೊಂಡ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದೆ. ಎಂಜಿನ್ ನಿಂತಾಗ ಒಂದು ಬಾರ್ ಹೆಚ್ಚು, ಐಡಲ್‌ನಲ್ಲಿ ಒಂದು, 2200ರಲ್ಲಿಯೂ ಸರಿಸುಮಾರು ಒಂದು. ತಪ್ಪು ಸೆಂಡರ್ ಹಾಕಿದ್ದರೆ, ಉದಾಹರಣೆಗೆ 10 ಬಾರ್ ಗೇಜಿಗೆ 5 ಬಾರ್ ಸೆಂಡರ್, ಪ್ರೆಷರ್ ಏರಿದಂತೆ ತಪ್ಪೂ ಏರಬೇಕಿತ್ತು ಮತ್ತು ಸೊನ್ನೆಯಲ್ಲಿ ತಪ್ಪೇ ಇರಬಾರದಿತ್ತು. ಎಲ್ಲ ಕಡೆ ಒಂದೇ ಅಳತೆಯ ತಪ್ಪು ಎಂದರೆ ದಾರಿಯಲ್ಲಿ ಎಲ್ಲೋ ಒಂದು ಸ್ಥಿರವಾದ ಪ್ರತಿರೋಧ ಸೇರಿಕೊಂಡಿದೆ. ಕೀಲಿ ಆರಿಸಿ, ಸೆಂಡರಿನ ಲೋಹದ ಮೈಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಅಳೆದೆ: 18ರಿಂದ 22 ಓಮ್, ಸೆಂಡರನ್ನು ಕೈಯಲ್ಲಿ ಒತ್ತಿದರೆ ಅಂಕಿ ಕುಣಿಯುತ್ತಿತ್ತು. ಬ್ಲಾಕಿಗೂ ನೆಗೆಟಿವ್‌ಗೂ ನಡುವೆ ಅರ್ಧ ಓಮ್‌ಗಿಂತ ಕಡಿಮೆ. ಎಂಜಿನ್ನಿನ ದೊಡ್ಡ ಅರ್ಥಿಂಗ್ ಪಟ್ಟಿಯನ್ನು ಓಮ್‌ನಲ್ಲಿ ಅಳೆದು ನಂಬುವಂತಿಲ್ಲವಾದ್ದರಿಂದ, ಸ್ಟಾರ್ಟರ್ ತಿರುಗುತ್ತಿರುವಾಗ ಬ್ಲಾಕಿಗೂ ನೆಗೆಟಿವ್‌ಗೂ ನಡುವಿನ ವೋಲ್ಟೇಜನ್ನೂ ನೋಡಿದೆ, 0.2 ವೋಲ್ಟ್ ದಾಟಲಿಲ್ಲ. ಪಟ್ಟಿ ಚೆನ್ನಾಗಿದೆ, ಅಡ್ಡಿ ಇರುವುದು ಬ್ಲಾಕಿಗೂ ಸೆಂಡರಿಗೂ ನಡುವಿನ ಗೇಣಿನಲ್ಲಿ.

ಸೆಂಡರನ್ನು ಅದರ ಡಬ್ಬಿಯಂಥ ಮೇಲ್ಭಾಗದಿಂದ ಹಿಡಿಯದೆ ಬುಡದ ಷಡ್ಭುಜಕ್ಕೆ ಪಾನಾ ಹಾಕಿ ಬಿಚ್ಚಿದೆ. ಅದರ ಥ್ರೆಡ್ಡಿಗೆ ಟೇಪು ನಾಲ್ಕೈದು ಸುತ್ತು, ಟೀ ಬ್ಲಾಕಿಗೆ ಕೂರುವ ಥ್ರೆಡ್ಡಿಗೂ ಅಷ್ಟೇ. ಆಯಿಲ್ ಸೋರಬಾರದೆಂಬ ಕಾಳಜಿಯಿಂದ ಸುತ್ತಿದ ಆ ಟೇಪು ವಿದ್ಯುತ್ತಿನ ದಾರಿಯನ್ನೇ ಮುಚ್ಚಿ, ಥ್ರೆಡ್ಡಿನ ಚೂಪು ಅಲ್ಲಲ್ಲಿ ಟೇಪನ್ನು ಕೊಯ್ದ ಒಂದೆರಡು ಚುಕ್ಕೆಗಳಲ್ಲಿ ಮಾತ್ರ ಸಂಪರ್ಕ ಉಳಿಸಿತ್ತು. ಟೇಪನ್ನು ಪೂರ್ತಿ ಕಿತ್ತು, ಥ್ರೆಡ್ಡುಗಳನ್ನು ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ, ಚೂರುಗಳು ಒಳಗೆ ಹೋಗದಂತೆ ಬ್ಲಾಕಿನ ಬಾಯಿಯನ್ನು ಒರೆಸಿ, ನೇರ ಥ್ರೆಡ್ಡಿರುವ ಟೀಗೆ ಹೊಸ ತಾಮ್ರದ ವಾಷರ್ ಹಾಕಿ ಕೂರಿಸಿದೆ. ಸೆಂಡರಿನ ಥ್ರೆಡ್ಡು ಕಿರಿದಾಗುತ್ತಾ ಹೋಗುವ ಜಾತಿಯದು. ಲೋಹಕ್ಕೆ ಲೋಹ ಒತ್ತಿಯೇ ಅದು ಸೋರಿಕೆ ತಡೆಯುತ್ತದೆ, ಅದಕ್ಕೆ ಏನನ್ನೂ ಸುತ್ತುವ ಅಗತ್ಯವಿಲ್ಲ. ಮತ್ತೆ ಅಳೆದಾಗ ಸೆಂಡರಿನ ಮೈಯಿಂದ ನೆಗೆಟಿವ್‌ಗೆ 0.3 ಓಮ್, ಅದರಲ್ಲಿಯೂ ಹೆಚ್ಚಿನ ಪಾಲು ನನ್ನ ಮೀಟರಿನ ವೈರುಗಳದ್ದೇ.

ಕೊನೆಯ ಓಟದಲ್ಲಿ ಬಿಸಿ ಐಡಲ್‌ನಲ್ಲಿ ಎರಡೂ ಗೇಜುಗಳು 1.4 ಎಂದವು; 2200ರಲ್ಲಿ ಯಾಂತ್ರಿಕ 4.3, ಡ್ಯಾಶ್ 4.4. ಇಷ್ಟು ವ್ಯತ್ಯಾಸ ಮುಳ್ಳಿನ ದಪ್ಪದಲ್ಲಿಯೇ ಅಡಗುತ್ತದೆ. ಹೋಸ್ ಬಿಚ್ಚಿ, ಟೀಯ ಮೂರನೆಯ ಬಾಯಿಗೆ ತಾಮ್ರದ ವಾಷರಿನೊಂದಿಗೆ ಪ್ಲಗ್ ಹಾಕಿ, ಬಿಸಿ ಎಂಜಿನ್ನಿನ ಮೂರು ಓದುಗಳನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲಿನ ಒಳಬದಿಗೆ ಅಂಟಿಸಿದೆ.

ವಾಹನ ಒಪ್ಪಿಸುವಾಗ ಚಾಲಕರು ಹತ್ತಿ ಕೀಲಿ ತಿರುಗಿಸಿ, ಗೇಜನ್ನು ಬೆರಳಿನಿಂದ ಎರಡು ಸಲ ತಟ್ಟಿ, ಮುಳ್ಳು ಸೊನ್ನೆಯಿಂದ ಮೇಲೇಳುತ್ತಲೇ ಇಲ್ಲ, ಗೇಜು ಸತ್ತಿರಬೇಕು ಎಂದು ನನ್ನ ಕಡೆ ನೋಡಿದರು. ಮೊದಲು ಎಂಜಿನ್ ಸ್ಟಾರ್ಟ್ ಮಾಡಿ ಎಂದೆ.